ತಾಳ ತಟ್ಟುವವರೆಗೆ

ಬೆಳಿಗ್ಗೆ ಧೂಳು ಕೊಡವುವಾಗ ಮೊಳೆಯಲ್ಲಿ ತೂಗುತ್ತಿದ್ದ ಜೋಡಿ ತಾಳ ಒಮ್ಮೆ ಕಿಣಿ ಎಂದಿತು. ನಾನು ಅಭ್ಯಾಸಬಲದಿಂದ ಬಾಯಿ ಮುಚ್ಚಿದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ; ಆದರೂ ಮಾತಾಡುತ್ತಿದ್ದೆ.

ನೀವು ತಾಳಮದ್ದಳೆ ಕೇಳಿದವರಾದರೆ ನನ್ನಂಥವರ ಪರಿಚಯ ಇದ್ದೀತು. ವೇಷವಿಲ್ಲದೆ ಕುಳಿತು, ಪದ್ಯ ಮುಗಿದೊಡನೆ ಪಾತ್ರವಾಗಿ ಅರ್ಥ ಹೇಳುವವರು. ಪದ್ಯ ಹಾಡುವ ಭಾಗವತರು ತಾಳ ತಟ್ಟಿದರೆ ಮಾತ್ರ ನಿಲ್ಲಿಸುವವರು. ಸಾಯುವ ಪಾತ್ರ ಸಿಕ್ಕಿದಾಗ ಪ್ರಾಣ ಬಿಡಲು ನಾನು ಮುಕ್ಕಾಲು ಗಂಟೆ ತೆಗೆದುಕೊಂಡದ್ದುಂಟು.

"ನಿನ್ನ ಬಾಯಿಯಿಂದ ಒಬ್ಬರಿಗಾದರೂ ಉಪಕಾರ ಆಗಲಿ" ಎಂದು ಕಾರ್ಕಳದ ಹತ್ತಿರದ ಕುಕ್ಕುಂದೂರಿನ ಅಕ್ಕ, ಮಗಳು ಸುಮನಳನ್ನು ಉಡುಪಿಯ ನನ್ನ ಮನೆಗೆ ಅಟ್ಟಿದಳು. ಹುಡುಗಿ ಮಣಿಪಾಲದಲ್ಲಿ ನರ್ಸ್. ಗಂಡ ಐರ್ಲೆಂಡಿನಲ್ಲಿ; ಇಂಗ್ಲಿಷ್ ಪರೀಕ್ಷೆ ದಾಟಿದರೆ ಅವಳಿಗೂ ಅಲ್ಲೇ ಕೆಲಸ. ಆದರೆ ಚೀಟಿಯಲ್ಲಿ ಕೊಟ್ಟ ವಿಷಯದ ಮೇಲೆ ಎರಡು ನಿಮಿಷ ಮಾತಾಡಬೇಕಾದಲ್ಲಿ ಒಮ್ಮೆ ಸೋತಿದ್ದಳು. ದಿನಾ ಹೋಗುವ ಬಸ್ಸಿನ ಬಗ್ಗೆ ಹೇಳು ಎಂದೆ. ಮೂರು ವಾಕ್ಯ ಹೇಳಿ ಕೈಕಟ್ಟಿ ಕುಳಿತಳು.

"ಮಾರಾಯ್ತಿ, ಕಾರ್ಕಳದಲ್ಲಿ ಹತ್ತುವ ಮೊದಲೇ ಮಣಿಪಾಲದಲ್ಲಿ ಇಳಿದೆಯಲ್ಲ."

"ಮತ್ತೆಂತ ಮಾವ? ವಾರ್ಡಿನಲ್ಲಿ ಡ್ಯೂಟಿ ಬದಲಾಗುವಾಗ ಹೀಗೇ ಹೇಳುವುದು. ಜ್ವರ ಎಷ್ಟು, ಮದ್ದು ಎಂತ, ಮುಗಿಯಿತು. ನಿಮ್ಮ ಹಾಗೆ ಅರ್ಥ ಹೇಳಿದರೆ ರೋಗಿ ಉಳಿಯಲಿಕ್ಕುಂಟಾ?"

ನಾನು ತಾಳ ಹಿಡಿದು ಭಾಗವತನಾದೆ. ತಟ್ಟುವವರೆಗೆ ನಿಲ್ಲಿಸಬಾರದು, ಮಾತು ಬತ್ತಿದರೆ ಎದುರಾಳಿಗೇ ಪ್ರಶ್ನೆ ಎಸೆಯಬೇಕು ಎಂಬ ನಮ್ಮ ಪರಮ ರಹಸ್ಯವನ್ನೂ ಉಪದೇಶಿಸಿದೆ. ರಾತ್ರಿ ಡ್ಯೂಟಿ ಮುಗಿಸಿದವಳು ಕೆಂಪುಗಣ್ಣಿನಲ್ಲೇ ಬಂದು ತೆಂಗಿನ ಚಿಪ್ಪಿಗೆ, ಸೆಖೆಗೆ, ಹೂಡೆ ಕಡಲತೀರದ ದೋಣಿಗೆ ಇಂಗ್ಲಿಷಿನಲ್ಲಿ ಅರ್ಥ ಹೇಳಿದಳು. ಅಂಥ ಶ್ರದ್ಧೆ ಯಾವ ಪ್ರಸಂಗದಲ್ಲೂ ನನಗಿರಲಿಲ್ಲ.

ಪರೀಕ್ಷೆಯಲ್ಲಿ ಬಂದ ವಿಷಯ ಎತ್ತರದ ಕಟ್ಟಡ. ಸುಮನ ಕಾಪುವಿನ ಲೈಟ್‌ಹೌಸ್ ಹತ್ತಲು ತೊಡಗಿದಳು; ಅರ್ಧ ಮೆಟ್ಟಿಲಲ್ಲಿ ಮಾತು ನಿಂತಿತು. ಉಪದೇಶ ನೆನಪಾಗಿ ಪರೀಕ್ಷಕಿಯನ್ನೇ ಕೇಳಿದಳಂತೆ, ತಾವು ಎಂದಾದರೂ ಲೈಟ್‌ಹೌಸ್ ಹತ್ತಿದ್ದೀರಾ ಎಂದು. ಆ ಹೊತ್ತಿನಲ್ಲಿ ಅವರು ಬಾಯಿ ಬಿಡುವ ಹಾಗಿಲ್ಲ.

"ಎಂತ ಮಾಡುವುದು ಮಾವ? ಮತ್ತೆ ನೀವು ಮಾಡುವ ಹಾಗೆಯೇ ಮಾಡಿದೆ. ತಮ್ಮ ಮೌನ ನೋಡಿದರೆ ಹತ್ತಿಲ್ಲ ಅಂತ ಕಾಣುತ್ತದೆ, ಹಾಗಾದರೆ ನನ್ನ ಜೊತೆ ಬನ್ನಿ ಅಂತ ಹೇಳಿ ಅವರನ್ನೂ ಮೇಲೆ ಕರಕೊಂಡು ಹೋದೆ."

"ಇಳಿದದ್ದು?"

"ಇಳಿಯಲಿಕ್ಕೆ ಅವರೇ ಬಿಡಲಿಲ್ಲ. ಸಾಕು ಅಂತ ಕೈ ತೋರಿಸಿದರು."

ಪಾಸಾದಳು. ಈಗ ಭಾನುವಾರಗಳಲ್ಲಿ ಐರ್ಲೆಂಡಿನಿಂದ ಫೋನು ಮಾಡಿ ಅಲ್ಲಿಯ ಗಾಳಿ, ಬಸ್ಸು, ವಾರ್ಡಿನ ಅಜ್ಜಿಯರು, ಎಲ್ಲವನ್ನೂ ಸವಿಸ್ತಾರ ಹೇಳುತ್ತಾಳೆ. ನಾನು ಹೂಂಗುಟ್ಟುತ್ತೇನೆ. ಇಂದು ಭಾನುವಾರವೇ. ತಾಳವನ್ನು ಹುಣಸೆಹುಳಿಯಲ್ಲಿ ಉಜ್ಜಿ ಮತ್ತೆ ತೂಗುಹಾಕಿದೆ. ಈ ಸಲ ತುಸು ಎತ್ತರದ ಮೊಳೆಗೆ, ಫೋನಿನ ಪಕ್ಕ ಕುಳಿತವನ ಕೈಗೆ ಎಟುಕದ ಹಾಗೆ.