ಎಸ್ತರಮ್ಮನ ಮೊಳ

ಬೆಳಗಿನ ಐದೂ ಮುಕ್ಕಾಲು. ಬೀದರ ನಗರದ ಅಂಚಿನಲ್ಲಿ, ಕೊಳಾರದ ಕಾರ್ಖಾನೆಗಳಿಗೆ ಹೋಗುವ ರಸ್ತೆಯ ಪಕ್ಕದ ಕಾಲೇಜಿನ ಗೇಟು ಇನ್ನೂ ಅರ್ಧವೇ ತೆರೆದಿದೆ. ಹಿತ್ತಲಿನ ಬಾವಿಕಟ್ಟೆಗೆ ಒರಗಿ ನಿಂತ ಎಸ್ತರ, ಕಲ್ಲು ಕಟ್ಟಿದ ಹಗ್ಗವನ್ನು ಒಳಗೆ ಬಿಡುತ್ತಾರೆ. ಕಲ್ಲು ನೀರು ಮುಟ್ಟಿದ ಸದ್ದು ಕೇಳಿದ್ದೇ ತಡ, ಕಟ್ಟೆಯ ಅಂಚಿಗೆ ಬಂದ ಹಗ್ಗವನ್ನು ಬೆರಳಲ್ಲಿ ಒತ್ತಿ ಹಿಡಿದು ಮೇಲೆಳೆಯುತ್ತಾರೆ. ಆಮೇಲೆ ಹೂ ಮಾರುವವರ ಹಾಗೆ ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದು ಎಣಿಸುತ್ತಾರೆ.

"ಹದಿನಾಲ್ಕ ಮೊಳರಿ. ನಿನ್ನಿಗಿಂತ ನಾಕ ಬೆರಳ ಕೆಳಗ," ಎಂದು ಪಕ್ಕದಲ್ಲಿ ನಿಂತ ನನಗೆ ಹೇಳುತ್ತಾರೆ.

ಐವತ್ತೊಂಬತ್ತು ವರ್ಷದ ಎಸ್ತರ ಈ ಕಾಲೇಜಿನ ಪ್ರಯೋಗಾಲಯದ ಆಯಾ. ಗಾಜಿನ ಸಾಮಾನು ತೊಳೆಯುವುದು, ನೆಲ ಒರೆಸುವುದು, ಮೋಟಾರು ಹಾಕುವುದು ಅವರ ಕೆಲಸ. ಗಂಡ ತೀರಿಕೊಂಡಾಗ ಮಗಳಿಗೆ ಎರಡು ವರ್ಷ; ಆಗಲೇ ಈ ಕೆಲಸಕ್ಕೆ ಸೇರಿದರು. ನೀರಿಲ್ಲದ ಬಾವಿಗೆ ಮೋಟಾರು ಹಾಕಿ ಎರಡು ಸಲ ಸುಟ್ಟುಹೋದ ಮೇಲೆ, ಬಗ್ಗಿ ನೋಡಿ ಸ್ವಿಚ್ ಒತ್ತು ಎಂದು ಆಗಿನ ಪ್ರಾಂಶುಪಾಲರು ಹೇಳಿದರಂತೆ.

"ನೋಡು ಅಂದ್ರು, ಬರಿ ಅಂದಿಲ್ಲರಿ. ನಮ್ಮವ್ವ ಮಿಷನ್ ದವಾಖಾನಿದಾಗ ನರ್ಸ್ ಇದ್ಳು. ಜ್ವರ ನೋಡಿದ ಕೂಡ್ಲೆ ಚಾರ್ಟ್‌ದಾಗ ಬರೀತಿದ್ಳು. ಆ ರೂಢಿ ನಂಗೂ ಬಂದದರಿ."

ಹೀಗೆ ಚರ್ಚಿನ ಕ್ಯಾಲೆಂಡರಿನ ಮನೆಗಳಲ್ಲಿ ಹತ್ತೊಂಬತ್ತು ವರ್ಷದ ನೀರು ಕೂಡಿತು. ಮೊದಲ ಹದಿನೈದು ವರ್ಷ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ನಾಲ್ಕು ವರ್ಷದ ಹಿಂದೆ ಕಾಲೇಜಿನಲ್ಲಿ ಪರಿಸರ ಅಧ್ಯಯನ ಶುರುವಾಯಿತು. ರಸಾಯನಶಾಸ್ತ್ರ, ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಓದುವವರೆಲ್ಲ ಇಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಅಧ್ಯಾಪಕ ಅಶೋಕಕುಮಾರ ಅವರ ಕಣ್ಣಿಗೆ ಕ್ಯಾಲೆಂಡರುಗಳು ಬಿದ್ದದ್ದು ಆಗಲೇ. ಅವು ತರಗತಿಯ ಮೊದಲ ಪಾಠವಾದವು.

ಅಲ್ಲಿಂದ ಶುರುವಾದದ್ದೇ ತಮಾಷೆ. ಹನ್ನೊಂದು ವರ್ಷದ ಹಿಂದಿನ ಒಂದು ಜೂನ್ ಬೆಳಿಗ್ಗೆ ಬಾವಿ ಏಕಾಏಕಿ ಎರಡು ಮೊಳ ಕೆಳಗೆ ಹೋಗಿತ್ತು. ಸೆಪ್ಟೆಂಬರಿನಲ್ಲಿ, ಮಳೆಯೇ ಇಲ್ಲದ ದಿನ, ಮೊಳಕ್ಕೂ ಮಿಕ್ಕಿ ಮೇಲೆ ಬಂದಿತ್ತು. ವಿಜ್ಞಾನದವರು ಕೆಂಪುಕಲ್ಲಿನ ಬಿರುಕು ಎಂದರು. ಅರ್ಥಶಾಸ್ತ್ರದವರು ಸುತ್ತಲಿನ ಕೊಳವೆಬಾವಿ ಎಣಿಸಿದರು. ಇತಿಹಾಸದವರು ನೆಲದಡಿಯ ಹಳೆಯ ನೀರುಗಾಲುವೆಯನ್ನೇ ಹುಡುಕಿಕೊಂಡು ಹೊರಟರು. ನಲವತ್ತು ಪುಟದ ವರದಿ ಸಿದ್ಧವಾಯಿತು.

ಕಮಲನಗರದ ಮನಿಷಾ ಕನ್ನಡ ಸಾಹಿತ್ಯದ ವಿದ್ಯಾರ್ಥಿನಿ. ಅವಳು ನೀರಿನ ಲೆಕ್ಕ ಬಿಟ್ಟು ಆ ವರ್ಷದ ಕೈಬರಹ ನೋಡುತ್ತಿದ್ದಳು. ಎಸ್ತರ ಅವರನ್ನು ಚಿಕ್ಕಮ್ಮನೆಂಬಂತೆ ಮೌಶಿ ಎಂದು ಕರೆದು ಕೇಳಿದಳು. "ಮೌಶಿ, ಈ ಮೂರ ತಿಂಗಳ ಅಂಕಿ ಯಾಕ ಸೊಟ್ಟ ಅವರಿ?"

ಎಸ್ತರ ಹೆದರಿದರು. ನಿಜ ಹೇಳಿದರೆ ಇಷ್ಟು ವರ್ಷದ ಕ್ಯಾಲೆಂಡರು ರದ್ದಿಗೆ ಹೋದೀತು. ಆ ಹೊತ್ತು ಬಕೆಟ್ ಎತ್ತಿಕೊಂಡು ಹೋದರು. ಮರುದಿನ ತಾವೇ ತರಗತಿಯ ಬಾಗಿಲಲ್ಲಿ ನಿಂತರು.

"ಆವಾಗ ನನ್ನ ಬಲಗೈ ಮುರದಿತ್ತರಿ. ನಾದಿನಿ ಗ್ಲೋರಿ ಬಂದು ಅಳದ್ಳು, ನಾ ಎಡಗೈಲೆ ಬರದೆ. ಆಕಿ ಗಿಡ್ಡ ಹೆಣ್ಮಗಳು. ಆಕಿ ಮೊಳ ಸಣ್ಣದರಿ, ಎಣಿಕಿ ಹೆಚ್ಚ ಬಂತು. ನನ್ನ ಕೈ ಕೂಡಿದ ಮ್ಯಾಲೆ ಮತ್ತ ಕಮ್ಮಿ ಆತು. ಬಾವಿದು ಏನೂ ತಪ್ಪಿಲ್ಲ."

ಬೆಟ್ಟ ಅಗೆದು ಇಲಿ ಹಿಡಿದಂತಾಯಿತು. ತರಗತಿ ನಕ್ಕಿತು, ವರದಿ ಬರೆದವರನ್ನು ಬಿಟ್ಟು. ಆದರೆ ಕ್ಯಾಲೆಂಡರು ರದ್ದಿಗೆ ಹೋಗಲಿಲ್ಲ. ಹುಡುಗರು ಭಾಲ್ಕಿಗೆ ಹೋಗಿ ಗ್ಲೋರಿಯವರ ಕೈಗೆ ಟೇಪು ಹಿಡಿದರು, ನಲವತ್ತು ಸೆಂಟಿಮೀಟರ್. ಎಸ್ತರ ಅವರದು ನಲವತ್ತನಾಲ್ಕು. ಲೆಕ್ಕ ತಿದ್ದಿದಾಗ ಬಾವಿ ತನ್ನ ಪಾಡಿಗೆ ತಾನು ಸರಿಯಾಗಿಯೇ ಇತ್ತು. ಇದನ್ನು ಕೇಳಿ ನನಗೆ ನಗುವಿಗಿಂತ ಹೆಚ್ಚು ಗೌರವ ಬಂತು. ಮುಚ್ಚಿಟ್ಟಿದ್ದರೆ ಕೇಳುವವರು ಯಾರಿದ್ದರು?

ಮುಂದಿನ ಮೇ ತಿಂಗಳಿಗೆ ಎಸ್ತರ ನಿವೃತ್ತರಾಗುತ್ತಾರೆ. ಕಾಲೇಜು ಉಕ್ಕಿನ ಅಳತೆಪಟ್ಟಿ ತರಿಸಿದೆ. ಬೇಸರವಿಲ್ಲವೇ ಎಂದೆ. ಅವರು ಹಗ್ಗ ಸುತ್ತಿಟ್ಟು, ಇವತ್ತಿನ ಮನೆಯಲ್ಲಿ ಹದಿನಾಲ್ಕು ಎಂದು ಬರೆದು, ಅದರ ಪಕ್ಕದಲ್ಲಿ ತಮ್ಮ ಹೆಸರಿನ ಮೊದಲ ಅಕ್ಷರ ಹಾಕಿದರು.

"ಯಾರರೆ ಅಳೀಲಿರಿ. ದಿನಾ ಅಳದ್ರ ಸಾಕು. ಬಾಜೂಕ ಯಾರ ಕೈ ಅಂತ ಮಾತ್ರ ಬರೀಲಿ."