ಕಳ್ಳಿಗೆ ಇಪ್ಪತ್ತೆಂಟು ಡಿಗ್ರಿ

ಆಂಧ್ರದ ಗಡಿಯ ನಮ್ಮ ಆದವಾನಿಯ ಮೇ ತಿಂಗಳಲ್ಲಿ ಒಂದು ಕಳ್ಳಿಗಿಡ ನೀರು ಹೆಚ್ಚಾಗಿ ಕೊಳೆಯಿತು ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ನಾಲ್ಕು ವರ್ಷದ ಹಿಂದೆ ರೈಲ್ವೆ ಸ್ಟೇಷನ್ನಿನ ಹೊರಗೆ ತಳ್ಳುಗಾಡಿಯವನಿಂದ ಅದನ್ನು ತಂದಿದ್ದೆ. ಆಗ ನಿಂಬೆಹಣ್ಣಿನಷ್ಟಿತ್ತು, ಈಗ ಮೂಸಂಬಿಗಿಂತ ದಪ್ಪ. ಈ ಮನೆಯಲ್ಲಿ ನನ್ನ ಕನ್ನಡಕ ಹಾಕಿಕೊಂಡು ಅತ್ತೆ ಅಕ್ಕಿಯ ಕಲ್ಲು ಆರಿಸುತ್ತಾರೆ, ನನ್ನ ಚಪ್ಪಲಿ ಮೆಟ್ಟಿಕೊಂಡು ಗಂಡ ಮಾಳಿಗೆ ಹತ್ತುತ್ತಾರೆ. ಮುಳ್ಳಿದ್ದ ಪುಣ್ಯಕ್ಕೆ ಯಾರೂ ಮುಟ್ಟದೆ ನನಗೇ ಉಳಿದದ್ದು ಅದೊಂದೇ.

ಚಿಂತೆ ನನ್ನ ಹುಟ್ಟುಗುಣ. ಬಸ್ಸು ಸಮಯಕ್ಕೆ ಸರಿಯಾಗಿ ಬಂದರೆ ಏನು ಎಡವಟ್ಟಾಗಿದೆಯೋ ಎಂದು ಚಿಂತಿಸುವವಳು ನಾನು. ಏಪ್ರಿಲಿನಲ್ಲಿ ಫೋನು ಹಿಡಿದು ಓದಿದೆ: ಮನೆಯೊಳಗಿನ ಕಳ್ಳಿಗೆ ಹಗಲು ಇಪ್ಪತ್ತರಿಂದ ಮೂವತ್ತು ಡಿಗ್ರಿ ಹಿತ, ರಾತ್ರಿ ಅದಕ್ಕಿಂತ ತಂಪು, ಚಳಿಗಾಲದಲ್ಲಿ ಹತ್ತರ ಹತ್ತಿರ ಇಳಿದರೂ ಸೈ. ಬರೆದವರು ನಮ್ಮೂರು ಕಂಡವರಲ್ಲ. ಗೋಡೆಗೆ ತೂಗುಹಾಕುವ ಥರ್ಮಾಮೀಟರು ತಂದು ಮನೆಯನ್ನೆಲ್ಲ ಅಳೆದೆ. ಮಾಳಿಗೆಯ ಮೇಲೆ ನಲವತ್ಮೂರು. ಅಡುಗೆಮನೆ ನಲವತ್ತು. ನಡುಮನೆಯಲ್ಲಿ, ಒದ್ದೆ ಹುಲ್ಲಿನ ಗಾಳಿ ಬೀಸುವ ಕೂಲರಿನ ಎದುರು, ಇಪ್ಪತ್ತೆಂಟು! ಗಿಡವನ್ನು ಅಲ್ಲಿಗೇ ತಂದು ಕೂರಿಸಿದೆ. ನಾನು ಹುಟ್ಟಿದ ಆಸ್ಪರಿ ಕಡೆಯ ಹೊಲದ ಬದುಗಳ ಮೇಲೆ ಪಾಪಾಸುಕಳ್ಳಿ ಯಾವ ಡಿಗ್ರಿಯನ್ನೂ ಕೇಳದೆ ಆಳೆತ್ತರ ಬೆಳೆಯುತ್ತದೆ. ಆದರೆ ಫೋನಿನಲ್ಲಿ ಓದಿದ ಮೇಲೆ ಕಣ್ಣಾರೆ ಕಂಡದ್ದು ತಲೆಯಲ್ಲಿ ನಿಲ್ಲುವುದಿಲ್ಲ.

“ಮುಳ್ಳಿನ ಗಿಡ ಮನ್ಯಾಗ ಇಟ್ರ ಜಗಳ ಹತ್ತತೈತಿ,” ಎಂದರು ಅತ್ತೆ.

“ಜಗಳಕ್ಕ ಕಳ್ಳಿ ಯಾಕ ಬೇಕ್ರಿ ಅತ್ತಿ, ನಾವು ಸಾಕಾಗಂಗಿಲ್ಲೇನು?”

ನೀರು ಹಾಕಬಾರದು ಎಂದು ದಪ್ಪ ಅಕ್ಷರದಲ್ಲಿ ಚೀಟಿ ಬರೆದು ಕುಂಡಕ್ಕೆ ಅಂಟಿಸಿದೆ. ಯಾಕೆಂದರೆ ನನ್ನ ಅತ್ತೆಯನ್ನು ನಾನು ಬಲ್ಲೆ. ಶಿವರಾತ್ರಿ ಕಳೆದದ್ದೇ ತಡ, ಬಾಗಿಲ ಮುಂದೆ ಮಣ್ಣಿನ ಹರವಿಯೊಂದನ್ನು ಇಟ್ಟು ನೀರು ತುಂಬುತ್ತಾರೆ. ಹತ್ತಿ ಮಿಲ್ಲಿನ ಹಮಾಲರು, ಆಟೊದವರು, ಯಾರು ಬೇಕಾದರೂ ಕುಡಿಯಬಹುದು. ನಾಯಿಗೊಂದು ಬೋಗುಣಿ, ಗುಬ್ಬಿಗೊಂದು ತಟ್ಟೆ ಬೇರೆ. ಬೇಸಿಗೆಯಲ್ಲಿ ಬಾಯಾರಿದ್ದನ್ನು ಕಂಡೂ ದಾಟಿ ಹೋಗುವುದು ನಮ್ಮ ಸೀಮೆಯಲ್ಲಿ ಪಾಪ.

ಮೇ ತಿಂಗಳ ಒಂದು ಮಧ್ಯಾಹ್ನ ನೋಡುತ್ತೇನೆ, ಗಿಡ ಒಂದು ಕಡೆ ಒರಗಿದೆ. ಬುಡ ಒತ್ತಿದರೆ ಅತಿಯಾಗಿ ಹಣ್ಣಾದ ಬಾಳೆಹಣ್ಣಿನ ಹಾಗೆ ಬೆರಳು ಒಳಗೆ ಹೋಯಿತು. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಂತಿತ್ತು.

“ಯಾರು ಹಾಕ್ಯಾರ ನೀರು?”

“ನಾನ ಹಾಕೀನಿ,” ಎಂದರು ಅತ್ತೆ, ಕೂತಲ್ಲಿಂದ ಏಳದೆ. “ದಿನಾ ಒಂದು ಗ್ಲಾಸು. ಬೀದಿ ನಾಯಿಗೆ ಹಾಕ್ತೀನಿ, ಮನ್ಯಾಗಿಂದಕ್ಕ ಹಾಕಬಾರದೇನ?”

“ಹಾಕಬ್ಯಾಡ್ರಿ ಅಂತ ಬರದು ಅಂಟಿಸೀನಲ್ರಿ!”

“ನನಗ ಓದಾಕ ಬರ್ತಿದ್ರ ಈ ಮನ್ಯಾಗ ಯಾಕ ಕುಂದರ್ತಿದ್ದೆ ತಂಗಿ? ಕಲೆಕ್ಟರ್ ಆಗಿರ್ತಿದ್ದೆ.”

ಒಳಗಿನಿಂದ ಗಂಡ ಬಂದರು. “ನೀನೂ ಹಾಕ್ತಿದ್ದೇನಬೇ?” ಎಂದು ತಾಯಿಯನ್ನು ಕೇಳಿ ನಾಲಿಗೆ ಕಚ್ಚಿಕೊಂಡರು. “ಪಾಪ, ಯಾರೂ ಹಾಕವಲ್ರು ಅಂತ ಮುಂಜಾನಿ ನಾನೂ ಒಂದು ಚೊಂಬು...”

“ನಿಮಗಾದ್ರೂ ಚೀಟಿ ಕಾಣಲಿಲ್ಲೇನ್ರಿ?”

“ಕಾಣ್ತು. ಗಿಡದ ಹೆಸರು ಬರದೀಯಂತ ತಿಳ್ಕಂಡೆ.”

ಅವರು ಶಾಲೆ ಕಲಿತದ್ದೆಲ್ಲ ತೆಲುಗಿನಲ್ಲಿ. ನನ್ನ ಜೊತೆ ಕನ್ನಡದಲ್ಲೇ ಜಗಳವಾಡುತ್ತಾರೆ, ಓದಲು ಮಾತ್ರ ಒಂದಕ್ಷರ ಬರುವುದಿಲ್ಲ. ಇಪ್ಪತ್ತಾರು ವರ್ಷ ಸಂಸಾರ ಮಾಡಿದ ನನಗೆ ಚೀಟಿ ಬರೆಯುವಾಗ ಅದು ಹೊಳೆಯಲಿಲ್ಲ. ಅದಕ್ಕೂ ಸೇರಿಸಿ ಅವರ ಮೇಲೆಯೇ ಕಿರುಚಿದೆ. ನನ್ನ ಕಿರುಚಾಟಕ್ಕೆ ಬಾಗಿಲಲ್ಲಿ ನೀರು ಕುಡಿಯುತ್ತಿದ್ದ ಹಮಾಲನೊಬ್ಬ ಅರ್ಧ ಕುಡಿದ ಲೋಟ ಇಟ್ಟು ಹೊರಟೇಹೋದ.

ಕೇಳಬಹುದಿತ್ತಲ್ಲ? ಇದಕ್ಕೆ ನೀರು ಹಾಕಲೇನು ಎಂದು ಒಂದು ಮಾತು. ಆ ಕನ್ನಡಕಕ್ಕೂ ಕೇಳಲಿಲ್ಲ, ಚಪ್ಪಲಿಗೂ ಕೇಳಲಿಲ್ಲ. ನನ್ನದನ್ನು ಹಾಳು ಮಾಡಿ ಪುಣ್ಯ ಕಟ್ಟಿಕೊಳ್ಳುವವರ ಮುಖದಲ್ಲಿ ಎಷ್ಟು ನೆಮ್ಮದಿ! ಇನ್ನು ನಾನು? ಮಣ್ಣು ಆರಗೊಡದ ಕೂಲರಿನ ಹಸಿ ಗಾಳಿಗೆ ತಿಂಗಳಿಡೀ ಗಿಡವನ್ನು ಒಡ್ಡಿದವಳು. ದಿನಕ್ಕೆ ಹತ್ತು ಸಲ ಡಿಗ್ರಿ ನೋಡಿದೆ, ಒಂದು ಸಲವೂ ಮಣ್ಣಿಗೆ ಬೆರಳಿಟ್ಟು ನೋಡಲಿಲ್ಲ. ಗಿಡ ಕೊಳೆತು ಒರಗಿದಾಗಲೂ ಆ ಥರ್ಮಾಮೀಟರು ಇಪ್ಪತ್ತೆಂಟೇ ತೋರಿಸುತ್ತಿತ್ತು. ಕಿತ್ತು ಪೆಟ್ಟಿಗೆಗೆ ಎಸೆದೆ.

ಚಾಕು ತೊಳೆದು, ಒರೆಸಿ, ಬುಡ ಕತ್ತರಿಸಿದೆ. ಒಳಗೆಲ್ಲ ಕಂದು. ಇನ್ನೊಂದು ಬಿಲ್ಲೆ ಕತ್ತರಿಸಿದೆ, ಇನ್ನೂ ಕಂದು. ನಾಲ್ಕನೆಯ ಬಿಲ್ಲೆಗೆ ಸ್ವಚ್ಛ ಹಸಿರು ಸಿಕ್ಕಿತು. ಉಳಿದದ್ದು ಗಿಡದ ನೆತ್ತಿ ಮಾತ್ರ, ಪುಟ್ಟ ಟೋಪಿಯ ಹಾಗೆ. ಗಾಯ ಒಣಗಲು ವಾರ ಬಿಟ್ಟು, ಮಾಳಿಗೆಯ ಮೆಟ್ಟಿಲುಕೋಣೆಯ ನೆರಳಲ್ಲಿ ಒಣ ಮರಳಿನ ಮೇಲೆ ಕೂರಿಸಿದೆ. ಅಲ್ಲಿ ಎಷ್ಟು ಡಿಗ್ರಿಯೋ ದೇವರಿಗೇ ಗೊತ್ತು. ಬೀಗ ಜಡಿದು ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡೆ.

“ಗಿಡಕ್ಕೂ ಜೈಲೇನ?” ಎಂದರು ಗಂಡ.

“ಗಿಡಕ್ಕಲ್ರಿ, ನಿಮಗ.”

ಅತ್ತೆ ಬಾಗಿಲ ಹರವಿ ತುಂಬಿ ಬರುವಾಗಲೆಲ್ಲ ನನ್ನ ಸೆರಗಿನ ಗಂಟನ್ನು ನೋಡುತ್ತಿದ್ದರು.

ಮೊನ್ನೆ ಮುಂಜಾನೆ ಬೀಗ ತೆಗೆದು ಗಿಡವನ್ನು ಮೇಲೆತ್ತಿ ನೋಡಿದೆ. ಅಡಿಯಲ್ಲಿ ಅಕ್ಕಿಕಾಳಿಗಿಂತ ಸಣ್ಣ, ಬಿಳಿ ಬೇರೊಂದು ಇಣುಕಿತ್ತು. ಯಾರಿಗೂ ಹೇಳಿಲ್ಲ. ಹೇಳಿದರೆ ಖುಷಿಗೆ ನೀರು ಹಾಕುತ್ತಾರೆ.