ಗಂಜಿ ಹಾಕಿದ ಕವಚ

ಸಂಸ್ಥಾನಗಳು ಮುಂಬೈ ರಾಜ್ಯಕ್ಕೆ ಸೇರಿ ರಾಜರೇ ಕತ್ತಿ ಕೆಳಗಿಟ್ಟ ಮೇಲೆ, ಬನಹಟ್ಟಿಯ ನಮ್ಮ ನೆರೆಮನೆಯ ನೇಕಾರರೊಬ್ಬರಿಗೆ ಯುದ್ಧದ ಚಿಂತೆ ಹತ್ತಿತು. ಬಿಡುವಾದಾಗಲೆಲ್ಲ ಮಗ್ಗದ ಪಕ್ಕ ಕುಳಿತು, ತಂತಿಯ ಉಂಗುರಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಹಳೇ ಕಾಲದ ಸೈನಿಕರ ಕವಚ ಹೆಣೆಯುತ್ತಿದ್ದರು. ಯಾರಾದರೂ ನಕ್ಕರೆ ಇಕ್ಕಳ ಎತ್ತಿ, "ಕತ್ತಿ ಒಳಗ ಹೋಗಂಗಿಲ್ಲ, ನೋಡ್ರಿ" ಎನ್ನುತ್ತಿದ್ದರು.

ಮುಗಿದ ಕವಚಕ್ಕೆ, ನೂಲಿಗೆ ಹಾಕುವಂತೆ, ದಪ್ಪಗೆ ಗಂಜಿ ಹಾಕಿ ಒಣಗಿಸಿದರು. ಗಂಜಿಯಿಲ್ಲದೆ ಯಾವುದೂ ಗಟ್ಟಿಯಾಗದೆಂಬುದು ಅವರ ಮನೆತನದ ನಂಬಿಕೆ. ಮರುದಿನ ಅದನ್ನು ಹೇಗೋ ತೂರಿಸಿಕೊಂಡು ತೊಟ್ಟು, ಓಣಿಯ ಮಂದಿಯೆದುರು ಎದೆಯುಬ್ಬಿಸಿ ನಿಂತವರು ಇದ್ದಕ್ಕಿದ್ದಂತೆ ಕುಣಿಯತೊಡಗಿದರು. ಗಂಜಿಯ ರುಚಿಗೆ ಕೆಂಪಿರುವೆಗಳ ದಂಡು ಆಗಲೇ ಒಳಗೆ ಬಿಡಾರ ಹೂಡಿತ್ತು; ಸೆಟೆದ ಕವಚ ಬಿಚ್ಚಲೊಲ್ಲದು.

"ಮೊದಲ ಕೈ ಮ್ಯಾಲೆತ್ತರಿ" ಎಂದು ಹೆಂಡತಿ ಇಕ್ಕಳದಿಂದ ಉಂಗುರ ಕತ್ತರಿಸುತ್ತಿದ್ದರೆ, ಇವರು ಕುಣಿಯುತ್ತಲೇ ನಮ್ಮನ್ನು ಕೇಳಿದರು: "ಖರೆ ಹೇಳ್ರಿ, ಕತ್ತಿ ಒಳಗ ಹೋತೇನು?"